ಹನ್ನೊಂದನೇ ಕಾಲಂ

ಫಾರಮಿನ ಹನ್ನೊಂದನೇ ಕಾಲಂ: ಕಾರಣ.
ಬರೆಯಲು ಬಿಟ್ಟ ಜಾಗ ಮೂರು ಬೆರಳಗಲ.

ಖೋರ್ ಫಕ್ಕಾನಿನ ಧಕ್ಕೆಗೆ ಟ್ಯಾಂಕರನ್ನು ಕಟ್ಟಿಹಾಕಿದ್ದಾರೆ.
ಮೂಗಿನ ಎಡಕ್ಕೊಂದು ಗೀರು, ಅಷ್ಟೇ,
ಮಗುವಿನ ಉಗುರು ತಾಗಿದ ಹಾಗೆ.
ಹಗ್ಗದೇಣಿ ಇಳಿದು ಕೆರೆದೆ.
ಪ್ಲಾಸ್ಟಿಕ್ ಚೀಲಕ್ಕೆ ಉದುರಿತು ಚೂರು ಹಸಿರು ಬಣ್ಣ,
ಮೀನೆಣ್ಣೆ ಕುಡಿದ ಮರದ ಒಂದು ಸಿಬಿರು.
ಒಂಬತ್ತು ಜನರಿದ್ದ ಲಾಂಚು ಅದು.
ನನ್ನ ಕೈಗೆ ಬಂದದ್ದು ಇಷ್ಟು.

ಬೊಸಾಸೊಗೆ ಹೊರಟಿತ್ತಂತೆ. ಅಕ್ಕಿ, ಹಳೇ ಟೈರು,
ಶಾರ್ಜಾದ ಸೆಕೆಂಡ್‌ಹ್ಯಾಂಡ್ ಫ್ರಿಜ್ಜು ನಲವತ್ತು.
ಬೆಳಕು ಹರಿದಾಗ ನೀರ ತುಂಬ ಫ್ರಿಜ್ಜುಗಳು
ಬಾಗಿಲು ತೆರೆದುಕೊಂಡು ತೇಲುತ್ತಿದ್ದವು,
ಒಳಗೇನೂ ಇಲ್ಲ ನೋಡಿ ಎಂದು
ಒಂದಕ್ಕೊಂದು ತೋರಿಸುವ ಹಾಗೆ.
ಅಂಥದೊಂದನ್ನು ತಬ್ಬಿಕೊಂಡು ಉಳಿದವನು
ನಾಖುದ ಹಾಸಮ್ ಭಡಾಲ.

ಟ್ಯಾಂಕರಿನ ಪೆಟ್ಟಿಗೆ ಎಲ್ಲ ಕೇಳಿಸಿಕೊಂಡಿದೆ.
ಆರು ದಿನದಿಂದ ಅದನ್ನೇ ಕಿವಿಗೆ ಹಚ್ಚಿ ಕೂತಿದ್ದೇನೆ.
ಎರಡು ಹದಿನಾಲ್ಕು: ಲೋಟದಲ್ಲಿ ಚಮಚ ತಿರುಗಿದ್ದು.
ಎರಡು ಹದಿನೇಳು: ಪೀಂ ಪೀಂ. ಒಂದು ಗುಂಡಿ ಒತ್ತಿದ್ದು. ಮೌನ.
ಎರಡು ಇಪ್ಪತ್ತೆರಡು:
‘ಏನೋ ತಾಗಿತಾ?’
‘ಅಲೆ ಇರಬೇಕು ಸಾರ್.’
ಆಮೇಲೆ ಮತ್ತೆ ಚಮಚ.
ಆ ಎರಡನೇ ಚಮಚವನ್ನು ಎಷ್ಟು ಸಲ ಕೇಳಿದೆನೋ,
ಈಗ ಮನೆಯಲ್ಲಿ ಸಕ್ಕರೆ ಬಿಟ್ಟಿದ್ದೇನೆ.

ಗುಂಡಿ ಒತ್ತಿದ್ದು ಸೆಕೆಂಡ್ ಆಫೀಸರ್ ಬರ್ರೆಟ್ಟೊ, ಗಂಗೊಳ್ಳಿಯವನು.
ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಅವನ ದನಿ ಒಡೆಯಿತು.
‘ದಿನಕ್ಕೆ ಇನ್ನೂರ್ ಸಲ ಕೂಗತ್ತ್ ಸಾರ್,
ಬೋಯ್ ಕಂಡ್ರೂ ಕೂಗತ್ತ್, ದೋಣಿ ಕಂಡ್ರೂ ಕೂಗತ್ತ್.
ತೋಳ ಬಂತು ತೋಳ ಅಂದ್ರೆ ಎಷ್ಟ್ ಸಲ ಏಳುದ್?’
ಬ್ರಿಜ್ಜಿನ ಗೋಡೆಯಲ್ಲಿ, ಕ್ಯಾಲೆಂಡರಿನ ಹಿಂದೆ,
ಹೋದ ವರ್ಷದ ಸುತ್ತೋಲೆ ಅಂಟಿಸಿದ್ದರು:
ಯಾವ ಅಲಾರಮನ್ನೂ ಕಡಿಮೆ ಮಾಡತಕ್ಕದ್ದಲ್ಲ.
ಕೆಳಗಿನ ಸಹಿ ನನ್ನದು.
ಕ್ಯಾಲೆಂಡರನ್ನು ಇದ್ದ ಹಾಗೇ ಬಿಟ್ಟೆ.

ಲಾಂಚಿನ ಕೂವೆಮರದ ದೀಪ ಉರಿಯುತ್ತಿತ್ತೇ?
ಹಾಸಮ್ ಮೇಜಿನ ಅಂಚನ್ನು ಬೆರಳಿಂದ ಉಜ್ಜುತ್ತ ಕೂತ.
ಇದ್ದದ್ದು ಒಂದೇ ಬ್ಯಾಟರಿ.
ಓಮಾನಿನ ಗುಡ್ಡದ ಮಗ್ಗುಲಿಗೆ ಬಂದರೆ ಮಾತ್ರ
ಅರ್ಧ ಗಂಟೆ ಸಿಗ್ನಲ್ ಸಿಗುತ್ತದೆ.
ಅಯೂಬನ ಅಕ್ಕ ಹೆತ್ತು ನಾಲ್ಕು ದಿನ,
ಫೋಟೊ ಬಂದು ಗಾಳಿಯಲ್ಲಿ ನಿಂತಿದೆ,
ಫೋನು ಸತ್ತಿದೆ.
ದೀಪದ ತಂತಿ ಬಿಚ್ಚಿ ಫೋನಿಗೆ ಕೊಟ್ಟರು.
‘ಅರ್ಧ ಗಂಟೆ ಸಾಹೇಬ್. ನಾನೇ ಹೂಂ ಅಂದೆ.’
ಟ್ಯಾಂಕರಿನ ದೀಪ ಅವನಿಗೆ ಕಂಡಿತ್ತು.
ನಿಂತ ಹಡಗು ಅಂದುಕೊಂಡ. ಅದು ಕದಲಲೇ ಇಲ್ಲವಲ್ಲ.

ಅಪ್ಪ ಬೇಲೆಕೇರಿಯ ಪಾತಿಯಲ್ಲಿ ನನ್ನ ಕೂರಿಸಿಕೊಂಡು ಹೇಳಿದ್ದ:
ಕತ್ತಲೆಯಲ್ಲಿ ಓಡೋ ದೀಪಕ್ಕೆ ಹೆದರಬೇಡ, ದಾಟಿ ಹೋಗ್ತದೆ.
ಇದ್ದಲ್ಲೇ ಇದ್ದು ದೊಡ್ಡದಾಗ್ತದಲ್ಲ,
ಅದು ನಿನ್ನ ಮೇಲೇ ಬರ್ತಾ ಇರೋದು.
ನಲವತ್ತು ವರ್ಷ ಹಾಸಮ್ ಇದನ್ನು ಬಲ್ಲ.
ಆ ಅರ್ಧ ಗಂಟೆ ಅವನೂ
ಫೋನಿನ ಬೆಳಕಿನ ಸುತ್ತ ನೆರೆದ ಮುಖಗಳನ್ನು ನೋಡುತ್ತಿದ್ದ.

‘ಸರಿಯಾದ ಕಾವಲು ಇರಲಿಲ್ಲ’ ಎಂದು ಬರೆದೆ.
ಮೂರು ಬೆರಳಿಗೆ ಸರಿಯಾಗಿ ಹಿಡಿಸಿತು.
ಹೊಡೆದು ಹಾಕಿದೆ. ಮತ್ತೆ ಅದನ್ನೇ ಬರೆದೆ.

ಬಾಗಿಲವರೆಗೆ ಹೋದ ಹಾಸಮ್ ತಿರುಗಿ ಕೇಳಿದ್ದ,
‘ಅಷ್ಟರೊಳಗೆ ಹುಡುಗ ಆ ಮಗುವಿನ ಮುಖ ನೋಡಿರಬಹುದಾ?’
ತನಿಖೆಗೆ ಬೇಕಾದ ಸಂಗತಿಯಲ್ಲ ಇದು.
ಕಚೇರಿ ಖಾಲಿಯಾದ ಮೇಲೆ
ಟೆಲಿಫೋನ್ ಕಂಪನಿಯ ಅರ್ಜಿ ತುಂಬುತ್ತ ಕೂತೆ:
ಆ ರಾತ್ರಿ, ಆ ನಂಬರು, ಫೋಟೊ ಇಳಿಯಿತೇ.
ಅವರ ಫಾರಮಿನಲ್ಲೂ ಕೊನೆಗೊಂದು ಕಾಲಂ,
ಕೇಳುತ್ತಿರುವ ಕಾರಣ.